‘ಕ್ಯಾಥೊಲಿಕ್ ದೇಶ’ ಅಂದರೆ ಯಾವ ವರ್ಷದ ಐರ್ಲೆಂಡ್?

2022ರ ಏಪ್ರಿಲ್ 3ರ ರಾತ್ರಿ ಐರ್ಲೆಂಡಿನಲ್ಲಿ ಜನಗಣತಿ ಆಯಿತು. ಕೊರೋನಾ ಕಾರಣಕ್ಕೆ ಒಂದು ವರ್ಷ ತಡವಾಗಿದ್ದ ಗಣತಿ ಅದು. ಲೆಕ್ಕ ಸಿಕ್ಕಿದ್ದು 51 ಲಕ್ಷ 49 ಸಾವಿರ ಜನ. ಇಡೀ ದೇಶ ಸೇರಿಸಿದರೆ ಬೆಂಗಳೂರಿನ ಅರ್ಧದಷ್ಟು ಅಂತಿಟ್ಟುಕೊಳ್ಳಿ. ಆದರೆ ಅಲ್ಲಿನವರಿಗೆ ಅದು ದೊಡ್ಡ ಸುದ್ದಿ. ಏಕೆಂದರೆ ಅಲ್ಲಿನ ಜನಸಂಖ್ಯೆ 50 ಲಕ್ಷ ದಾಟಿದ್ದು 1851ರ ನಂತರ ಅದೇ ಮೊದಲ ಸಲ.

ಇನ್ನೂ ಹತ್ತು ವರ್ಷ ಹಿಂದಕ್ಕೆ ಹೋದರೆ, 1841ರಲ್ಲಿ, ಈಗ ಐರ್ಲೆಂಡ್ ಗಣರಾಜ್ಯವಾಗಿರುವ ಅದೇ 26 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) 65 ಲಕ್ಷ ಜನ ಇದ್ದರು. ಈಗ ಬ್ರಿಟನ್ನಿನ ಭಾಗವಾಗಿರುವ ಉತ್ತರದ ಆರು ಕೌಂಟಿ ಸೇರಿಸಿದರೆ ಇಡೀ ದ್ವೀಪದಲ್ಲಿ 81 ಲಕ್ಷಕ್ಕೂ ಜಾಸ್ತಿ. ಯುರೋಪಿನ ಹೆಚ್ಚಿನ ದೇಶಗಳ ಜನಸಂಖ್ಯೆ ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಬೆಳೆದಿದೆ. ಐರ್ಲೆಂಡ್ ಮಾತ್ರ ಆ ಹಳೇ ಸಂಖ್ಯೆಯನ್ನು ಇನ್ನೂ ಮುಟ್ಟಿಲ್ಲ.

ಅದೇ 2022ರ ಗಣತಿಯಲ್ಲಿ ಇನ್ನೊಂದು ಸುದ್ದಿಯೂ ಇತ್ತು. ತಾವು ಕ್ಯಾಥೊಲಿಕ್ ಅಂತ ಬರೆಸಿದವರು ಶೇ. 69. ಆರು ವರ್ಷ ಮೊದಲು, 2016ರಲ್ಲಿ, ಅದು ಶೇ. 79 ಇತ್ತು. 1961ರಲ್ಲಿ ಶೇ. 95. ‘ಯಾವ ಧರ್ಮವೂ ಇಲ್ಲ’ ಅಂತ ಬರೆಸಿದವರು 1961ರಲ್ಲಿ ಇಡೀ ದೇಶದಲ್ಲಿ 1,107 ಜನ, ಒಂದು ಸಣ್ಣ ಹಳ್ಳಿಯಷ್ಟು. 2022ರಲ್ಲಿ 7 ಲಕ್ಷ 36 ಸಾವಿರ.

ಸಾಮಾನ್ಯವಾಗಿ ಈ ಎರಡು ಸುದ್ದಿಗಳನ್ನು ಬೇರೆ ಬೇರೆ ಇಟ್ಟು ಬರೆಯುತ್ತಾರೆ. ಜನ ಹೆಚ್ಚಾದರು ಅನ್ನುವುದು ಮನೆ ಬಾಡಿಗೆ, ಉದ್ಯೋಗದ ವಿಷಯ. ಚರ್ಚಿಗೆ ಹೋಗುವವರು ಕಮ್ಮಿಯಾದರು ಅನ್ನುವುದು ನಂಬಿಕೆಯ ವಿಷಯ. ನನಗೆ ಎರಡೂ ಒಂದೇ ಕಥೆ ಅನ್ನಿಸುತ್ತದೆ. ಯಾರು ಸತ್ತರು, ಯಾರು ಊರು ಬಿಟ್ಟರು, ಯಾರು ಉಳಿದರು, ಈಗ ಯಾರು ಬರುತ್ತಿದ್ದಾರೆ ಅನ್ನುವುದನ್ನು ನೋಡದೆ ಐರ್ಲೆಂಡಿನ ಧರ್ಮದ ಲೆಕ್ಕ ಅರ್ಥವೇ ಆಗುವುದಿಲ್ಲ.

ಈ ದೇಶದ ಅಂಕಿಅಂಶ ನನಗೇಕೆ ಇಷ್ಟು ಮುಖ್ಯ ಅಂದರೆ, ಕಾರಣ ಬೆಳಗಾವಿಯ ಸವಿತಾ ಹಾಲಪ್ಪನವರ್. ಅವರ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಹಸಿವಿನ ಮಾತು.

1845ರಲ್ಲಿ ಆಲೂಗೆಡ್ಡೆ ಬೆಳೆಗೆ ಅಂಗಮಾರಿ ರೋಗ ಬಂತು. ಬಡವರ ಮನೆಯಲ್ಲಿ ಮೂರು ಹೊತ್ತೂ ಅದೇ ಊಟ, ಬೇರೆ ಏನೂ ಇರಲಿಲ್ಲ. ದ್ವೀಪದಿಂದ ದನ, ಧಾನ್ಯ, ಬೆಣ್ಣೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತಿದ್ದರು, ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟಿದ್ದರು. ಸತ್ತವರು, ಹೋದವರು ಎಲ್ಲ ವರ್ಗದಿಂದಲೂ ಸಮನಾಗಿ ಬಂದವರಲ್ಲ. ಪಶ್ಚಿಮದ ಹಳ್ಳಿಗಳಲ್ಲಿ ತುಂಡು ಜಮೀನು ಗೇಣಿಗೆ ಹಿಡಿದು, ಒಂದೇ ಕೋಣೆಯ ಮಣ್ಣಿನ ಗುಡಿಸಲಿನಲ್ಲಿ ಇದ್ದ ಕೂಲಿ ಜನರೇ ಹೆಚ್ಚು. 1841ರ ಗಣತಿಯವರು ಮನೆಗಳನ್ನು ನಾಲ್ಕು ದರ್ಜೆ ಮಾಡಿದ್ದರು. ನಾಲ್ಕನೇ ದರ್ಜೆ ಅಂದರೆ ಈ ಗುಡಿಸಲು. ದೇಶದ ಐದು ಮನೆಗಳಲ್ಲಿ ಹತ್ತಿರ ಹತ್ತಿರ ಎರಡು ಅಂಥವು. ಹತ್ತು ವರ್ಷ ಕಳೆದು ನೋಡಿದಾಗ ಆ ಗುಡಿಸಲುಗಳಲ್ಲಿ ಬಹುಪಾಲು ಕಾಣೆಯಾಗಿದ್ದವು.

ಈ ಜನ ಕ್ಯಾಥೊಲಿಕರೇ. ಆದರೆ ಇಂದು ನಾವು ‘ಐರಿಷ್ ಕ್ಯಾಥೊಲಿಕ್’ ಅಂದಾಗ ಕಣ್ಣಮುಂದೆ ಬರುವ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಕ್ಯಾಥೊಲಿಕರಲ್ಲ. ಅವರ ಧರ್ಮ ಇದ್ದದ್ದು ಪವಿತ್ರ ಬಾವಿಗಳ ಸುತ್ತ, ಊರಿನ ಸಂತರ ಜಾತ್ರೆಗಳಲ್ಲಿ, ಸತ್ತವರ ಮನೆಯಲ್ಲಿ ರಾತ್ರಿಯಿಡೀ ಕೂತು ಹಾಡಿ ಕುಡಿದು ಅಳುವುದರಲ್ಲಿ. 1834ರಲ್ಲಿ ಸರ್ಕಾರದ ಆಯೋಗವೊಂದು ಚರ್ಚ್ ಹಾಜರಿಯ ಲೆಕ್ಕ ತೆಗೆದಿತ್ತು. ಐರಿಷ್ ಭಾಷೆ ಆಡುವ ಪಶ್ಚಿಮದ ಹಳ್ಳಿಗಳಲ್ಲಿ ಭಾನುವಾರದ ಪೂಜೆಗೆ ಬರುತ್ತಿದ್ದವರು ಅರ್ಧಕ್ಕಿಂತ ಬಹಳ ಕಡಿಮೆ ಅಂತ ಆ ದಾಖಲೆ ಓದಿದ ಇತಿಹಾಸಕಾರರು ಹೇಳುತ್ತಾರೆ. ಚರ್ಚುಗಳು ಸಾಲದು, ಪಾದ್ರಿಗಳು ಸಾಲದು, ಹಾಕಿಕೊಂಡು ಹೋಗಲು ಮೈಮೇಲೆ ಸರಿಯಾದ ಬಟ್ಟೆಯೂ ಇಲ್ಲ.

ಬರ ಕಳೆದ ಮೇಲೆ ಉಳಿದವರು ಸ್ವಲ್ಪ ಜಮೀನು ಇದ್ದವರು, ಮೊದಲಿಂದಲೂ ಚರ್ಚಿಗೆ ಹತ್ತಿರ ಇದ್ದವರು. ಜನ ಕರಗಿದರು, ಪಾದ್ರಿಗಳ ಸಂಖ್ಯೆ ಮಾತ್ರ ಬೆಳೆಯಿತು. 1850ರಲ್ಲಿ ರೋಮ್‌ನಿಂದ ಪಾಲ್ ಕಲೆನ್ ಆರ್ಚ್‌ಬಿಷಪ್ ಆಗಿ ಬಂದರು. ಬಂದ ವರ್ಷವೇ ಥರ್ಲ್ಸ್ ಎಂಬಲ್ಲಿ ಬಿಷಪ್ಪರ ಸಭೆ ಸೇರಿಸಿ ಎಲ್ಲವನ್ನೂ ಶಿಸ್ತಿಗೆ ತಂದರು. ಜ್ಞಾನಸ್ನಾನ, ಮದುವೆ, ಪಾಪನಿವೇದನೆ ಮನೆಗಳಲ್ಲಿ ಆಗುತ್ತಿದ್ದದ್ದು ಚರ್ಚಿನೊಳಗೇ ಆಗಬೇಕು ಅಂತಾಯಿತು. ಜಪಮಾಲೆ, ನೊವೇನಾ ಅನ್ನುವ ಒಂಬತ್ತು ದಿನದ ಪ್ರಾರ್ಥನೆ, ಮೆರವಣಿಗೆ, ಸಿಸ್ಟರ್‌ಗಳು ನಡೆಸುವ ಶಾಲೆ, ಆಸ್ಪತ್ರೆ, ಎಲ್ಲ ಬಂದವು. ಅಂದರೆ ಜಗತ್ತು ಐರ್ಲೆಂಡಿನ ಅನಾದಿ ಧರ್ಮ ಅಂತ ಅಂದುಕೊಂಡಿರುವುದರಲ್ಲಿ ಹೆಚ್ಚಿನದು ಆ ಐವತ್ತು ವರ್ಷಗಳಲ್ಲಿ ಕಟ್ಟಿದ್ದು. ಬರಗಾಲದಲ್ಲಿ ಕಾಲು ಭಾಗ ಖಾಲಿಯಾದ ನೆಲದ ಮೇಲೆ ಕಟ್ಟಿದ್ದು.

ಮದುವೆಯ ಲೆಕ್ಕವೂ ಬದಲಾಯಿತು. ಮೊದಲು ಅಪ್ಪ ಜಮೀನನ್ನು ಎಲ್ಲ ಮಕ್ಕಳಿಗೂ ಪಾಲು ಮಾಡುತ್ತಿದ್ದ. ಬರ ಕಲಿಸಿದ ಪಾಠದಿಂದ ಈಗ ಒಬ್ಬ ಮಗನಿಗೆ ಮಾತ್ರ. ಅವನೂ ಅಪ್ಪ ಜಮೀನು ಬಿಟ್ಟುಕೊಡುವ ತನಕ, ನಲವತ್ತು ಆದರೂ, ಮದುವೆಗೆ ಕಾಯಬೇಕು. ಒಬ್ಬ ಮಗಳಿಗೆ ವರದಕ್ಷಿಣೆ ಹೊಂದಿಸಬಹುದು. ಮಿಕ್ಕವರಿಗೆ ಅಮೆರಿಕದ ಹಡಗು, ಇಲ್ಲವೇ ಪಾದ್ರಿಗಳ ಸೆಮಿನರಿ, ಇಲ್ಲವೇ ಸಿಸ್ಟರ್‌ಗಳ ಕಾನ್ವೆಂಟ್. 1930ರ ದಶಕದಲ್ಲಿ ಐವತ್ತರ ಆಸುಪಾಸಿನ ಗಂಡಸರಲ್ಲಿ ಮೂವರಿಗೆ ಒಬ್ಬ ಮದುವೆಯೇ ಆಗಿರಲಿಲ್ಲ. ಆದರೆ ಮದುವೆಯಾದವರ ಮನೆಯಲ್ಲಿ ಹಲವು ಮಕ್ಕಳು. ಮನೆ ತುಂಬ ಮಕ್ಕಳಿದ್ದೂ ದೇಶದ ಜನಸಂಖ್ಯೆ ಇಳಿಯುತ್ತಲೇ ಹೋಯಿತು.

ಇದನ್ನು ಹತ್ತಿರದಿಂದ ನೋಡಬೇಕಾದರೆ 1911ರ ಗಣತಿಯ ಕಾಗದಗಳಿವೆ. ಐರ್ಲೆಂಡಿನ ರಾಷ್ಟ್ರೀಯ ದಾಖಲೆ ಸಂಗ್ರಹದವರು 1901 ಮತ್ತು 1911ರ ಒಂದೊಂದು ಮನೆಯ ಫಾರಂ ಅನ್ನೂ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಮನೆ ಯಜಮಾನನ ಕೈಬರಹದಲ್ಲೇ ಇರುತ್ತವೆ. ಸಹಿ ಬರದವರು ಗುರುತು ಹಾಕಿರುತ್ತಾರೆ. ಅದರಲ್ಲಿ ಹೆಂಡತಿಯ ಹೆಸರಿನ ಮುಂದೆ ಮೂರು ಕಾಲಂ ಇವೆ. ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಜೀವಂತ ಹುಟ್ಟಿದರು, ಅವರಲ್ಲಿ ಎಷ್ಟು ಮಂದಿ ಈಗ ಬದುಕಿದ್ದಾರೆ. ಹನ್ನೊಂದು, ಏಳು. ಒಂಬತ್ತು, ಐದು. ಅಂಥ ಜೋಡಿ ಅಂಕಿಗಳು ಪುಟದ ಮೇಲೆ ಪುಟ ಸಿಗುತ್ತವೆ. ನಾನು ಒಂದು ಬೀದಿಯ ಫಾರಂಗಳನ್ನು ಸುಮ್ನೆ ನೋಡೋಣ ಅಂತ ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲ.

ಧರ್ಮದ ಕಾಲಂ ಮೇಲೆ ಒಂದು ಸೂಚನೆಯೂ ಇದೆ. ಪ್ರೊಟೆಸ್ಟೆಂಟ್ ಪಂಗಡದವರು ದಯವಿಟ್ಟು ಬರೀ ‘ಪ್ರೊಟೆಸ್ಟೆಂಟ್’ ಅಂತ ಬರೆಯಬೇಡಿ, ಅದು ಅಸ್ಪಷ್ಟ, ಯಾವ ಚರ್ಚು ಅಂತ ಹೆಸರು ಹೇಳಿ ಅನ್ನುತ್ತದೆ. ಸರ್ಕಾರಕ್ಕೆ ಅಷ್ಟು ನಿಖರವಾಗಿ ಬೇಕಿತ್ತು. ಧರ್ಮದ ಪ್ರಶ್ನೆ ಅಲ್ಲಿನ ಗಣತಿಯಲ್ಲಿ 1861ರಿಂದಲೇ ಇದೆ. ಯಾರ ಕೈಗೆ ಶಾಲೆ, ಯಾರ ಚರ್ಚಿಗೆ ತೆರಿಗೆ ಹಣ, ಕೊನೆಗೆ ದೇಶವನ್ನು ಎಲ್ಲಿ ಕತ್ತರಿಸುವುದು ಅನ್ನುವುದೆಲ್ಲ ಆ ಕಾಲಂ ಮೇಲೆ ನಿಂತಿತ್ತು. ಜಾತಿ ಗಣತಿಯ ಅಂಕಿ ಹೊರಗೆ ಬಂದಾಗಲೆಲ್ಲ ಏನಾಗುತ್ತದೆ ಅಂತ ನೋಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1922ರಲ್ಲಿ ಬ್ರಿಟಿಷರಿಂದ ಸ್ವತಂತ್ರ ರಾಷ್ಟ್ರವಾದ ಮೇಲೆ 1926ರಲ್ಲಿ ಮೊದಲ ಗಣತಿ. 1911ರಲ್ಲಿ ಆ 26 ಕೌಂಟಿಗಳಲ್ಲಿ ಶೇ. 10ರಷ್ಟಿದ್ದ ಕ್ಯಾಥೊಲಿಕೇತರರು ಶೇ. 7ರ ಆಸುಪಾಸಿಗೆ ಇಳಿದಿದ್ದರು. ಬ್ರಿಟಿಷ್ ಸೇನೆ, ಅಧಿಕಾರಿಗಳು ವಾಪಸ್ ಹೋಗಿದ್ದರು, ಮೊದಲ ಮಹಾಯುದ್ಧದಲ್ಲಿ ಹುಡುಗರು ಸತ್ತಿದ್ದರು, ಭಯದಿಂದಲೂ ಕೆಲವರು ಊರು ಬಿಟ್ಟಿದ್ದರು. ಉಳಿದವರ ಮಕ್ಕಳು ಕ್ಯಾಥೊಲಿಕರನ್ನು ಮದುವೆಯಾದರೆ ಹುಟ್ಟುವ ಮಕ್ಕಳೆಲ್ಲ ಕ್ಯಾಥೊಲಿಕ್ ಆಗಿಯೇ ಬೆಳೆಯಬೇಕು ಅನ್ನುವ ಚರ್ಚಿನ ನಿಯಮ 1908ರಿಂದ ಬಿಗಿಯಾಗಿತ್ತು. 1957ರಲ್ಲಿ ವೆಕ್ಸ್‌ಫರ್ಡ್ ಕೌಂಟಿಯ ಫೆಥರ್ಡ್ ಅನ್ನುವ ಹಳ್ಳಿಯಲ್ಲಿ ಒಬ್ಬ ಪ್ರೊಟೆಸ್ಟೆಂಟ್ ತಾಯಿ ತನ್ನ ಮಗಳನ್ನು ಕ್ಯಾಥೊಲಿಕ್ ಶಾಲೆಗೆ ಕಳಿಸಲಾರೆ ಅಂದಿದ್ದಕ್ಕೆ ಊರಿನವರು ಅಲ್ಲಿನ ಪ್ರೊಟೆಸ್ಟೆಂಟ್ ಅಂಗಡಿಗಳಿಗೆಲ್ಲ ಬಹಿಷ್ಕಾರ ಹಾಕಿದರು. ಅಲ್ಪಸಂಖ್ಯೆ ಒಂದು ದೇಶದಲ್ಲಿ ಗದ್ದಲವಿಲ್ಲದೆ ಹೇಗೆ ಕರಗುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ಸ್ಪಷ್ಟ ಉದಾಹರಣೆ ಇದು.

1935ರಲ್ಲಿ ಗರ್ಭನಿರೋಧಕಗಳ ಮಾರಾಟ ನಿಷೇಧವಾಯಿತು. 1937ರ ಸಂವಿಧಾನ ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನ ಕೊಟ್ಟಿತು, ಜನಮತದಿಂದ ಅದನ್ನು ತೆಗೆದದ್ದು 1972ರಲ್ಲಿ. ಸರ್ಕಾರಿ ನೌಕರಿಯಲ್ಲಿದ್ದ ಹೆಣ್ಣುಮಕ್ಕಳು ಮದುವೆಯಾದರೆ ಕೆಲಸ ಬಿಡಬೇಕು ಅನ್ನುವ ನಿಯಮ 1973ರವರೆಗೆ ಇತ್ತು. ಮದುವೆಯಾಗದೆ ಬಸಿರಾದ ಹುಡುಗಿಯರನ್ನು ಸಿಸ್ಟರ್‌ಗಳು ನಡೆಸುವ ಮನೆಗಳಿಗೆ ಕಳಿಸುತ್ತಿದ್ದರು. ಟೂಅಮ್ ಎಂಬ ಊರಿನ ಅಂಥದೊಂದು ಮನೆ 1925ರಿಂದ 1961ರವರೆಗೆ ನಡೆಯಿತು. ಅಲ್ಲಿ ಸತ್ತ 796 ಮಕ್ಕಳ ಮರಣಪತ್ರಗಳನ್ನು ಕ್ಯಾಥರಿನ್ ಕಾರ್ಲೆಸ್ ಎಂಬ ಸ್ಥಳೀಯ ಇತಿಹಾಸಕಾರ್ತಿ ಒಂದೊಂದಾಗಿ ಹುಡುಕಿ ತೆಗೆದರು. ಹೂತ ದಾಖಲೆ ಹೆಚ್ಚುಕಡಿಮೆ ಯಾವ ಮಗುವಿಗೂ ಸಿಗಲಿಲ್ಲ. ಅಲ್ಲಿ ಅಗೆದು ಅವಶೇಷ ತೆಗೆಯುವ ಕೆಲಸ ಶುರುವಾಗಿದ್ದು 2025ರಲ್ಲಿ.

ಈಗ 1961ರ ಶೇ. 95ಕ್ಕೆ ವಾಪಸ್ ಬನ್ನಿ. ಅದೇ ವರ್ಷ ದೇಶದ ಜನಸಂಖ್ಯೆ 28 ಲಕ್ಷ 18 ಸಾವಿರಕ್ಕೆ ಇಳಿದಿತ್ತು, ಗಣತಿಗಳ ಇತಿಹಾಸದಲ್ಲೇ ಕನಿಷ್ಠ. ಹಿಂದಿನ ಹತ್ತು ವರ್ಷಗಳಲ್ಲಿ ಸುಮಾರು 4 ಲಕ್ಷ ಜನ ಹೊರಗೆ ಹೋಗಿದ್ದರು, ಹೆಚ್ಚಿನವರು ಇಂಗ್ಲೆಂಡಿಗೆ, ಹುಡುಗರಷ್ಟೇ ಹುಡುಗಿಯರೂ. ಕೆಲಸಕ್ಕಾಗಿ ಹೋದವರೇ ಜಾಸ್ತಿ, ನಿಜ. ಆದರೆ ಊರಿನ ಉಸಿರುಗಟ್ಟುವ ಕಣ್ಣುಗಳಿಂದ ತಪ್ಪಿಸಿಕೊಂಡು ಹೋದವರೂ ಅದರಲ್ಲಿದ್ದರು. ಬಸಿರಾದವರು, ಪಾದ್ರಿಯ ಜೊತೆ ಜಗಳವಾಡಿದವರು, ಬೇರೆ ಧರ್ಮದವರನ್ನು ಪ್ರೀತಿಸಿದವರು, ಸಲಿಂಗಿಗಳು. ಪ್ರಶ್ನೆ ಕೇಳುವ ಅಷ್ಟೂ ಜನ ದೋಣಿ ಹತ್ತಿ ಹೋಗಿಬಿಟ್ಟರೆ ಉಳಿದ ದೇಶ ಒಮ್ಮತದ ದೇಶದಂತೆ ಕಾಣದೆ ಇನ್ನೇನು? ಆ ಶೇ. 95 ಸುಳ್ಳಲ್ಲ. ಆದರೆ ಅದು ಉಳಿದವರ ಲೆಕ್ಕ. ಇದನ್ನು ಮರೆತು ಮಾತಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಅಲ್ಲಿಂದ ಮುಂದಿನದು ನಿಮಗೂ ಸ್ವಲ್ಪ ಗೊತ್ತಿರುತ್ತದೆ. ವಿದೇಶಿ ಕಂಪನಿಗಳಿಗೆ ಬಾಗಿಲು ತೆಗೆದರು, 1973ರಲ್ಲಿ ಯುರೋಪಿನ ಒಕ್ಕೂಟ ಸೇರಿದರು, ಹೋದವರು ಕೆಲವರು ಮಕ್ಕಳ ಸಮೇತ ವಾಪಸ್ ಬಂದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು, ದೇಶದ ಮೂವರಲ್ಲಿ ಒಬ್ಬರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಅದೇ ಜಾಗಕ್ಕೆ ಬಂದಾಗ ಒಂದೂವರೆ ಲಕ್ಷದ ಆಸುಪಾಸು. ನಡುವೆ ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ದೌರ್ಜನ್ಯದ ಸರ್ಕಾರಿ ವರದಿಗಳು ಒಂದರ ಹಿಂದೆ ಒಂದು ಬಂದಿದ್ದವು, 2009ರಲ್ಲೇ ಎರಡು.

ಸವಿತಾ ಬೆಳಗಾವಿಯಲ್ಲಿ ಬೆಳೆದ ಹುಡುಗಿ, ದಂತವೈದ್ಯೆ. ಗಂಡ ಪ್ರವೀಣ್ ಜೊತೆ ಐರ್ಲೆಂಡಿನ ಗಾಲ್ವೇ ನಗರದಲ್ಲಿದ್ದರು. 2012ರ ಅಕ್ಟೋಬರಿನಲ್ಲಿ, 17 ವಾರದ ಬಸುರಿ, ಬೆನ್ನುನೋವು ಅಂತ ಆಸ್ಪತ್ರೆಗೆ ಹೋದರು. ಗರ್ಭ ನಿಲ್ಲುವುದಿಲ್ಲ ಅಂತ ವೈದ್ಯರಿಗೇ ಗೊತ್ತಿತ್ತು. ತೆಗೆದುಬಿಡಿ ಅಂತ ಸವಿತಾ ಕೇಳಿದರು. ಭ್ರೂಣದ ಎದೆಬಡಿತ ಇರುವ ತನಕ ಆಗುವುದಿಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಅನ್ನುವ ಮಾತು ಅಲ್ಲಿ ಬಂತು. ತಾನು ಕ್ಯಾಥೊಲಿಕ್ ಅಲ್ಲ, ಹಿಂದೂ ಅಂತ ಸವಿತಾ ಹೇಳಿದ್ದರು ಎಂದು ಪ್ರವೀಣ್ ಆಮೇಲೆ ತಿಳಿಸಿದರು. ಅಕ್ಟೋಬರ್ 28ರಂದು ಸೋಂಕು ರಕ್ತಕ್ಕೇರಿ ಅವರು ತೀರಿಕೊಂಡರು. ವಯಸ್ಸು 31. ಮರುವರ್ಷ ಏಪ್ರಿಲ್‌ನಲ್ಲಿ ಸಾವಿನ ವಿಚಾರಣೆ ನಡೆದಾಗ, ಆ ಮಾತು ಆಡಿದ್ದು ನಾನೇ ಅಂತ ಒಬ್ಬ ದಾದಿ ಒಪ್ಪಿಕೊಂಡರು. ನೋಯಿಸಬೇಕು ಅಂತ ಹೇಳಿದ್ದಲ್ಲ, ಇಲ್ಲಿನ ಕಾನೂನು ಯಾಕೆ ಹೀಗಿದೆ ಅಂತ ತಿಳಿಸಲು ಹೇಳಿದ್ದು ಅಂದರು. ನಾನು ಅದನ್ನು ನಂಬುತ್ತೇನೆ. ಅವರು ಬೆಳೆದ ದೇಶದಲ್ಲಿ ಆ ವಾಕ್ಯ ಹವಾಮಾನದ ವಿವರದಷ್ಟೇ ಸಹಜವಾಗಿತ್ತು.

ಆದರೆ ಆ ಹೊತ್ತಿಗೆ ಅದು ಎಷ್ಟು ನಿಜ? ಗರ್ಭಪಾತ ತಡೆಯುವ ಎಂಟನೇ ತಿದ್ದುಪಡಿಯನ್ನು 1983ರಲ್ಲಿ ಜನ ಶೇ. 67ರಷ್ಟು ಮತದಿಂದ ಸಂವಿಧಾನಕ್ಕೆ ಸೇರಿಸಿದ್ದರು. 2018ರ ಮೇ 25ರಂದು ಶೇ. 66ರಷ್ಟು ಮತದಿಂದ ಅದನ್ನು ತೆಗೆದುಹಾಕಿದರು. ಅದಕ್ಕೆ ಎರಡೇ ವರ್ಷ ಮೊದಲಿನ ಗಣತಿಯಲ್ಲಿ ಶೇ. 79 ಜನ ಕ್ಯಾಥೊಲಿಕ್ ಅಂತ ಬರೆಸಿದ್ದರಲ್ವಾ? ಎರಡು ಅಂಕಿಯನ್ನೂ ಪಕ್ಕಪಕ್ಕ ಇಡಿ. ಕ್ಯಾಥೊಲಿಕ್ ಅಂತ ಬರೆಸಿದವರೇ ದೊಡ್ಡ ಸಂಖ್ಯೆಯಲ್ಲಿ ಚರ್ಚಿನ ಮಾತಿಗೆ ವಿರುದ್ಧ ಮತ ಹಾಕದೆ ಈ ಫಲಿತಾಂಶ ಬರಲು ಸಾಧ್ಯವೇ ಇಲ್ಲ. ಅಮ್ಮನ ಅಂತ್ಯಕ್ರಿಯೆ ಚರ್ಚಿನಲ್ಲಿ ಆಗಬೇಕು, ಮಗಳು ಚರ್ಚಿನ ಪ್ರಸಾದ ಮೊದಲ ಸಲ ತೆಗೆದುಕೊಳ್ಳುವ ಪ್ರಥಮ ಪರಮಪ್ರಸಾದಕ್ಕೆ ಬಿಳಿ ಫ್ರಾಕ್ ಹೊಲಿಸಬೇಕು, ಆದರೆ ಮಗಳ ದೇಹದ ವಿಷಯ ಬಿಷಪ್ ನಿರ್ಧರಿಸುವುದು ಬೇಡ. ಇಂಥ ಕ್ಯಾಥೊಲಿಕರು ಗಣತಿಯ ಚೌಕದಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಇನ್ನೊಂದು ನನಗೆ ಬಹಳ ಹಿಡಿಸಿದ್ದು. ಆ ಮತದಾನಕ್ಕೆ ದೇಶ ಬಿಟ್ಟು ಹೋಗಿದ್ದ ಹುಡುಗ ಹುಡುಗಿಯರು ಲಂಡನ್‌ನಿಂದ, ಇನ್ನೂ ದೂರದಿಂದ, ವಿಮಾನ ಹಿಡಿದು, ಹಡಗು ಹತ್ತಿ ಬಂದರು. ಹೊರದೇಶಕ್ಕೆ ಹೋಗಿ 18 ತಿಂಗಳಾದರೆ ಅಲ್ಲಿ ಮತದ ಹಕ್ಕು ಹೋಗುತ್ತದೆ, ಅಂಚೆ ಮತವೂ ಇಲ್ಲ, ಹಾಗಾಗಿ ಬಂದೇ ಹಾಕಬೇಕು. ನೂರು ವರ್ಷ ಹೊರಗೆ ಹೋದವರು ಲೆಕ್ಕದಿಂದಲೂ ಹೋಗುತ್ತಿದ್ದರು. ಈ ಸಲ ಒಂದಿಷ್ಟು ಜನ ವಾಪಸ್ ಬಂದು ಲೆಕ್ಕಕ್ಕೆ ಸೇರಿದರು. ಡಬ್ಲಿನ್ನಿನ ಪೋರ್ಟೊಬೆಲ್ಲೊದಲ್ಲಿ ಒಂದು ಗೋಡೆಯ ಮೇಲೆ ಸವಿತಾರ ಮುಖ ಬರೆದಿದ್ದರು, ಅದರ ಸುತ್ತ ಜನ ಚೀಟಿ ಅಂಟಿಸಿ ಹೋದರು, ನೂರಾರು ಚೀಟಿಗಳು, ಹೆಚ್ಚಿನವುಗಳಲ್ಲಿ ಕ್ಷಮೆ ಕೇಳಿದ್ದರು. ಬೆಳಗಾವಿಯಲ್ಲಿ ಅವರ ತಂದೆ ಅಂದಾನಪ್ಪ ಯಾಳಗಿಯವರು ಐರ್ಲೆಂಡಿನ ಜನರಿಗೆ ಧನ್ಯವಾದ ಹೇಳಿದರು.

2022ರ ಅಂಕಿಗೆ ಬಂದರೆ, ಪ್ರಶ್ನೆಯೇ ಸ್ವಲ್ಪ ಬದಲಾಗಿತ್ತು ಅನ್ನುವುದನ್ನು ಹೇಳಲೇಬೇಕು. ಮೊದಲು ‘ನಿಮ್ಮ ಧರ್ಮ ಯಾವುದು’ ಅಂತಿತ್ತು. ಈ ಸಲ ‘ಇದ್ದರೆ ಯಾವುದು’ ಅಂತ ಸೇರಿಸಿ, ‘ಧರ್ಮ ಇಲ್ಲ’ ಅನ್ನುವ ಚೌಕವನ್ನು ಕೊನೆಯಿಂದ ಮೊದಲಿಗೆ ತಂದರು. ಹತ್ತು ಅಂಶ ಇಳಿದದ್ದರಲ್ಲಿ ಇದರ ಪಾಲೂ ಇರಬೇಕು. ಆದರೂ ಕ್ಯಾಥೊಲಿಕರ ಸಂಖ್ಯೆಯೇ ಸುಮಾರು 37 ಲಕ್ಷದಿಂದ 35 ಲಕ್ಷಕ್ಕೆ ಬಂದಿದೆ. ಡಬ್ಲಿನ್ ನಗರದಲ್ಲಿ ಶೇ. 53, ಪಶ್ಚಿಮದ ಮೇಯೋ ಕೌಂಟಿಯಲ್ಲಿ ಶೇ. 80. ಬರಗಾಲಕ್ಕೆ ಮೊದಲು ಪೂಜೆಗೆ ಬರದಿದ್ದ ಅದೇ ಪಶ್ಚಿಮ ಈಗ ಚರ್ಚಿನ ಕೊನೆಯ ಗಟ್ಟಿ ನೆಲ.

ಹೊರಗಿನಿಂದ ಬಂದವರೆಲ್ಲ ಸೇರಿ ಕ್ಯಾಥೊಲಿಕ್ ಪ್ರಮಾಣ ಇಳಿಸಿದರು ಅನ್ನುವ ಮಾತೂ ಪೂರ್ತಿ ಸರಿಯಲ್ಲ. ವಿದೇಶಿ ಪ್ರಜೆಗಳಲ್ಲಿ ಮೊದಲ ಸ್ಥಾನ ಪೋಲೆಂಡಿನವರದು, 93 ಸಾವಿರಕ್ಕೂ ಹೆಚ್ಚು, ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಭಾರತೀಯರು ಬ್ರಿಟಿಷರ ನಂತರ ಮೂರನೇ ಸ್ಥಾನದಲ್ಲಿ, 45 ಸಾವಿರ. ಅದರಲ್ಲಿ ಐಟಿಗೆ ಹೋದ ನಮ್ಮವರೂ ಇದ್ದಾರೆ, ಕೇರಳದ ನರ್ಸ್‌ಗಳೂ ಇದ್ದಾರೆ. ಹಿಂದೂಗಳ ಸಂಖ್ಯೆ 33 ಸಾವಿರ, ಆರು ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ಫಾರಂನಲ್ಲಿ ಅವರಿಗೆ ಪ್ರತ್ಯೇಕ ಚೌಕ ಇರಲಿಲ್ಲ, ‘ಇತರೆ’ ಅಂತ ಇದ್ದ ಕಡೆ ಕೈಯಲ್ಲಿ ಬರೆಯಬೇಕಿತ್ತು. ಕೇರಳದ ಸಿರೋ ಮಲಬಾರ್ ಕ್ಯಾಥೊಲಿಕ್ ಕುಟುಂಬಗಳು ಮಾತ್ರ ಮಕ್ಕಳನ್ನು ಕರೆದುಕೊಂಡು ಪೂಜೆಗೆ ಹೋಗುತ್ತವೆ, ಅರ್ಧ ಖಾಲಿಯಾದ ಐರಿಷ್ ಚರ್ಚುಗಳಲ್ಲಿ ಈಗ ಅವರದೇ ಮಕ್ಕಳ ಸದ್ದು. ಪಾದ್ರಿಗಳೂ ಭಾರತ, ನೈಜೀರಿಯಾ ಕಡೆಯಿಂದ ಬರುತ್ತಿದ್ದಾರೆ. 1841ರಲ್ಲಿ ಐರಿಷ್ ಲೊರೆಟೊ ಸಿಸ್ಟರ್‌ಗಳು ಕಲ್ಕತ್ತೆಗೆ, ಮರುವರ್ಷ ಪ್ರೆಸೆಂಟೇಶನ್ ಸಿಸ್ಟರ್‌ಗಳು ಮದ್ರಾಸಿಗೆ ಬಂದಿದ್ದರು, ಬರಕ್ಕೂ ಮೊದಲು. ಈಗ ದಾರಿ ತಿರುಗಿದೆ.

ಶಾಲೆ ಮಾತ್ರ ಹಾಗೇ ಇದೆ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಹತ್ತಿರ ಹತ್ತಿರ ಶೇ. 90 ಇನ್ನೂ ಕ್ಯಾಥೊಲಿಕ್ ಚರ್ಚಿನ ಪೋಷಣೆಯಲ್ಲಿವೆ, ಸಂಬಳ ಕೊಡುವುದು ಸರ್ಕಾರ. ಸೀಟು ಕಮ್ಮಿ ಇದ್ದರೆ ಜ್ಞಾನಸ್ನಾನ ಆದ ಮಗುವಿಗೆ ಮೊದಲ ಆದ್ಯತೆ ಅನ್ನುವ ನಿಯಮ ಹೋಗಿದ್ದೇ 2018ರಲ್ಲಿ. ಅಲ್ಲಿಯವರೆಗೆ ಎಷ್ಟೋ ಅಪ್ಪ ಅಮ್ಮಂದಿರು ಸೀಟಿಗಾಗಿ ಮಗುವಿನ ತಲೆಗೆ ನೀರು ಹಾಕಿಸಿದರು. ಅವರ ಮಕ್ಕಳೂ ಆ ಶೇ. 69ರಲ್ಲಿ ಇದ್ದಾರೆ. ಇವತ್ತಿಗೂ ಎರಡನೇ ತರಗತಿಯಲ್ಲಿ ಪರಮಪ್ರಸಾದದ ತಯಾರಿ ಶಾಲೆಯ ಸಮಯದಲ್ಲೇ ನಡೆಯುತ್ತದೆ, ಬೇರೆ ಧರ್ಮದ ಮಕ್ಕಳು ತರಗತಿಯ ಹಿಂದಿನ ಬೆಂಚಿನಲ್ಲಿ ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಕೂರುತ್ತಾರೆ. ಅಂಕಿ ಬದಲಾದ ವೇಗದಲ್ಲಿ ಸಂಸ್ಥೆಗಳು ಬದಲಾಗಿಲ್ಲ, ಇದು ಆದಷ್ಟು ಬೇಗ ಆಗಬೇಕಾದ ಕೆಲಸ ಅಂತ ನನ್ನ ಅಭಿಪ್ರಾಯ.

ಗಡಿಯಾಚೆ ಉತ್ತರ ಐರ್ಲೆಂಡಿನಲ್ಲಿ 2021ರ ಗಣತಿ ಇನ್ನೊಂದು ತಿರುವು ತೋರಿಸಿತು. ಪ್ರೊಟೆಸ್ಟೆಂಟ್ ಬಹುಮತ ಇರಲಿ ಅಂತಲೇ ಗಡಿ ಎಳೆದು 1921ರಲ್ಲಿ ಮಾಡಿದ ಪ್ರಾಂತ್ಯ ಅದು. ನೂರು ವರ್ಷ ಆಗುವಷ್ಟರಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು ಶೇ. 45.7, ಪ್ರೊಟೆಸ್ಟೆಂಟ್ ಮತ್ತು ಇತರ ಕ್ರೈಸ್ತ ಹಿನ್ನೆಲೆಯವರು ಶೇ. 43.5. ಆದರೆ ಯಾರಿಗೂ ಬಹುಮತ ಇಲ್ಲ.

ಈ ನಡುವೆ ಡಬ್ಲಿನ್ನಿನಲ್ಲಿ ವಲಸಿಗರ ವಿರುದ್ಧ ‘ಐರ್ಲೆಂಡ್ ತುಂಬಿಹೋಗಿದೆ’ ಅನ್ನುವ ಫಲಕ ಹಿಡಿದ ಮೆರವಣಿಗೆಗಳು ನಡೆಯುತ್ತಿವೆ. 2023ರ ನವೆಂಬರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು. 2025ರಲ್ಲಿ ಭಾರತೀಯರ ಮೇಲೆ ಹಲ್ಲೆಗಳಾಗಿ, ಜೋಪಾನ, ಒಂಟಿಯಾಗಿ ನಿರ್ಜನ ಜಾಗಗಳಿಗೆ ಹೋಗಬೇಡಿ ಅಂತ ನಮ್ಮ ರಾಯಭಾರ ಕಚೇರಿ ಸೂಚನೆ ಹೊರಡಿಸಬೇಕಾಯಿತು. ಮನೆಗಳ ಕೊರತೆ ಅಲ್ಲಿ ನಿಜವಾದ ಕಷ್ಟ, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಹೆಚ್ಚಿಗೆ ಮನೆ ಕಟ್ಟದ ಸರ್ಕಾರಗಳನ್ನು ಕೇಳಬೇಕಾದ ಪ್ರಶ್ನೆ ಅದು. ದೇಶ ತುಂಬಿಹೋಗಿಲ್ಲ, ಲೀಟ್ರಿಮ್ ಕೌಂಟಿಯನ್ನೇ ನೋಡಿ. 1841ರಲ್ಲಿ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ. 2022ರಲ್ಲಿ 35 ಸಾವಿರ.

ಮುಂದಿನ ಗಣತಿ 2027ರಲ್ಲಿ. ಶೇ. 69 ಎಷ್ಟಕ್ಕೆ ಇಳಿಯಿತು ಅನ್ನುವುದು ಪತ್ರಿಕೆಗಳ ಮೊದಲ ಸುದ್ದಿಯಾಗುತ್ತದೆ. ನಾನು ಹುಡುಕುವುದು ಬೇರೆ ಸಾಲು. 2022ರಲ್ಲಿ 3 ಲಕ್ಷ 45 ಸಾವಿರ ಜನ ಧರ್ಮದ ಪ್ರಶ್ನೆಗೆ ಉತ್ತರವನ್ನೇ ಕೊಡದೆ ಬಿಟ್ಟಿದ್ದರು, 2016ರ ಎರಡು ಪಟ್ಟಿಗಿಂತ ಹೆಚ್ಚು. ಅವರಲ್ಲಿ ಎಷ್ಟು ಮಂದಿ ಮುಂದಿನ ಸಲ ಯಾವ ಚೌಕಕ್ಕೆ ಹೋಗುತ್ತಾರೆ, ಎಷ್ಟು ಮಂದಿ ಮತ್ತೆ ಖಾಲಿ ಬಿಡುತ್ತಾರೆ ಅಂತ ನೋಡಬೇಕು.